ಅಶ್ಮಿತಾಳ ಹೆಸರಿನ ಮುಂದೆ

ಮಗಳು ಮಾತು ಬಿಟ್ಟ ಮೇಲೆ ಅವಳ ಸುದ್ದಿ ತಿಳಿಯಲು ಜಯಲತಾಳಿಗೆ ಉಳಿದದ್ದು ಇಂಟರ್ನೆಟ್ ಒಂದೇ. ಅಶ್ಮಿತಾ ಚೆನ್ನೈಯಲ್ಲಿ ಒಂದು ಬ್ಯಾಂಕಿನ ತಂಡಕ್ಕೆ ಬಾಸ್ಕೆಟ್‌ಬಾಲ್ ಆಡುತ್ತಿದ್ದಳು. ಪಂದ್ಯ ಮುಗಿದು ಸ್ವಲ್ಪ ಹೊತ್ತಿಗೆ ಪ್ರತಿ ಆಟಗಾರ್ತಿಯ ಅಂಕಿಗಳು ಲೀಗಿನ ವೆಬ್‌ಸೈಟಿನಲ್ಲಿ ಬರುತ್ತಿದ್ದವು. ಎಷ್ಟು ನಿಮಿಷ ಆಡಿದಳು, ಎಷ್ಟು ಪಾಯಿಂಟ್, ಎಷ್ಟು ರಿಬೌಂಡ್. ಮುಂಬಯಿ ಹತ್ತಿರ ಡೊಂಬಿವಲಿಯ ಮನೆಯಲ್ಲಿ ಅಡುಗೆ ಕಟ್ಟೆಗೆ ಒರಗಿ, ಮೊಬೈಲಿನಲ್ಲಿ ಅವಳು ಮಗಳ ಹೆಸರು ಹುಡುಕುತ್ತಿದ್ದಳು. ಹುಡುಕುವುದನ್ನು ಕಲಿಸಿದವನು ಮಗ ಕೀರ್ತನ್. ಪಾಯಿಂಟ್ ಹೆಚ್ಚಿದ್ದರೆ ಮಗಳು ಚೆನ್ನಾಗಿ ಉಂಡಿದ್ದಾಳೆ ಎಂದುಕೊಳ್ಳುವಳು. ಕಡಿಮೆಯಾದರೆ ಅಂದು ತನಗೂ ಊಟ ಸೇರದು.

ಮಗಳ ಆಟದ ಈ ಹುಚ್ಚು ಮೊದಲು ಗಂಡ ಅಂಗಾರನದು. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವನು ಸಂಜೆ ಕೆಲಸ ಬೇರೆಯವರಿಗೆ ಒಪ್ಪಿಸಿ, ಮಗಳ ಬ್ಯಾಗ್ ತಾನೇ ಹೊತ್ತು, ಲೋಕಲ್ ರೈಲು ಹಿಡಿದು ಠಾಣೆಗೆ ಪ್ರಾಕ್ಟೀಸಿಗೆ ಕರೆದೊಯ್ಯುತ್ತಿದ್ದ.

ಪುಣೆಯಲ್ಲಿ ಮಗಳ ರಾಜ್ಯ ಮಟ್ಟದ ಫೈನಲ್ ಇದ್ದ ವಾರವೇ ಅವನಿಗೆ ಎದೆನೋವು ಬಂತು. ಕಲ್ಯಾಣದ ಆಸ್ಪತ್ರೆಯಲ್ಲಿ ಮಲಗಿ ಹೆಂಡತಿಯ ಕೈ ಹಿಡಿದು ಹೇಳಿದ್ದ, "ಮ್ಯಾಚ್ ಮುಗಿಯುವವರೆಗೆ ಅವಳಿಗೆ ಏನೂ ಹೇಳಬೇಡ."

ಫೈನಲ್ ದಿನ ಮಧ್ಯಾಹ್ನ ಅವನು ಹೋಗಿಬಿಟ್ಟ. ಪಂದ್ಯ ಇದ್ದದ್ದು ಸಂಜೆ. ಕೀರ್ತನ್ ತಂಗಿಗೆ ಫೋನ್ ಹಚ್ಚಿದರೆ ಜಯಲತಾ ಕಸಿದುಕೊಂಡಳು.

"ಪಪ್ಪ ಹೇಳಿದ್ದು ಕಾಯಿಲೆಯ ವಿಷಯ ಮಮ್ಮಿ, ಸಾವಿನದ್ದಲ್ಲ," ಎಂದ ಮಗ.

"ಈಗ ಹೇಳಿದರೆ ಅವರು ಎದ್ದು ಬರ್ತಾರಾ?"

ಅವಳು ಬಗ್ಗಲಿಲ್ಲ. ಅಶ್ಮಿತಾಳ ತಂಡ ಗೆದ್ದಿತು. ಕಪ್ ಎತ್ತಿ ಹಿಡಿದು ನಗುತ್ತಿದ್ದ ಅವಳ ಫೋಟೋ ಫೇಸ್‌ಬುಕ್ಕಿಗೆ ಬಂದಾಗ ಹೆಣದ ಸುತ್ತ ಕೂತಿದ್ದ ನೆಂಟರೆಲ್ಲ ನೋಡಿದರು. ಸುದ್ದಿ ತಿಳಿದು ಟ್ಯಾಕ್ಸಿಯಲ್ಲಿ ಓಡಿ ಬಂದ ಮಗಳು ಅಪ್ಪನ ಕಾಲ ಬಳಿ ಕುಸಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

"ಪಪ್ಪ ಹೋಗಿ ಆಗಿತ್ತು. ನಾನು ನಗ್ತಾ ಇದ್ದೆ. ನೀನು ನನ್ನನ್ನು ನಗಲಿಕ್ಕೆ ಬಿಟ್ಟೆ."

ಅಪ್ಪನ ಬೊಜ್ಜದ ಕ್ರಿಯೆ ಮುಗಿಸಿ, ಬ್ಯಾಂಕಿನ ಕೆಲಸಕ್ಕೆ ಚೆನ್ನೈಗೆ ಹೋದವಳು ಮತ್ತೆ ತಾಯಿಯ ಫೋನನ್ನಾಗಲಿ ಅಣ್ಣನದನ್ನಾಗಲಿ ಎತ್ತಲಿಲ್ಲ.

ಹೀಗೇ ಎರಡು ವರ್ಷ ಕಳೆಯಿತು. ಒಂದು ಭಾನುವಾರ ಅಶ್ಮಿತಾಳ ಹೆಸರಿನ ಮುಂದೆ ಮೂರೇ ನಿಮಿಷದ ಆಟವಿತ್ತು. ಮುಂದಿನ ಪಂದ್ಯದಲ್ಲಿ ಹೆಸರೇ ಇಲ್ಲ.

"ರೆಸ್ಟ್ ಕೊಟ್ಟಿರ್ತಾರೆ," ಎಂದ ಕೀರ್ತನ್. ಜಯಲತಾಳ ಮನಸ್ಸು ನಿಲ್ಲಲಿಲ್ಲ. ಎತ್ತುವುದಿಲ್ಲ ಎಂದು ಗೊತ್ತಿದ್ದೂ ಫೋನ್ ಮಾಡಿದಳು. ಅಂದು ಮಗಳು ಎತ್ತಿದಳು.

"ಕಾಲಿಗೆ ಏನಾದರೂ ಆಯ್ತಾ, ಮಗಾ?"

ಆ ಕಡೆಯಿಂದ ಮಗಳು ಹಿಂದಿಯಲ್ಲಿ ಕೇಳಿದಳು, "ಕಿಸ್‌ನೆ ಬತಾಯಾ?"

"ಯಾರೂ ಹೇಳಲಿಲ್ಲ. ಆಡಿದವರಲ್ಲಿ ನಿನ್ನ ಹೆಸರಿರಲಿಲ್ಲ."

"ನೀನು ನೋಡ್ತೀಯಾ?"

"ಎಲ್ಲ ಮ್ಯಾಚೂ."

ಮೊಣಕಾಲಿನ ಲಿಗಮೆಂಟ್ ಹರಿದಿತ್ತು, ಆಪರೇಷನ್ ಆಗಿತ್ತು. "ನಮಗೊಂದು ಮಾತು ಹೇಳಬಾರದಿತ್ತಾ?" ಜಯಲತಾಳ ಬಾಯಿಂದ ಬಂದೇಬಿಟ್ಟಿತು. ನೀನು ಹೇಳಿದ್ಯಾ ಎಂದು ಮಗಳು ತಿರುಗಿ ಕೇಳುತ್ತಾಳೆಂದು ಕಣ್ಣು ಮುಚ್ಚಿ ಕಾದಳು. ಮಗಳು ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿತ್ತೇನೋ.

ಅವಳು ಚೆನ್ನೈಗೆ ಹೋಗಿ ಮಗಳಿಗೆ ಸ್ನಾನ ಮಾಡಿಸಿದಳು, ತಲೆ ಬಾಚಿದಳು. ಆದರೆ ಕಾಲು ಮೊದಲಿನಂತಾಗಲಿಲ್ಲ; ಅಶ್ಮಿತಾಳ ಆಟ ಅಲ್ಲಿಗೆ ಮುಗಿಯಿತು. ಬ್ಯಾಂಕು ಅವಳನ್ನು ಠಾಣೆಯ ಶಾಖೆಗೆ ವರ್ಗ ಮಾಡಿತು. ಮನೆಗೆ ಬಾ ಎಂದರೂ ಬರದೆ ಅಲ್ಲೇ ಠಾಣೆಯ ಕೋಪರಿಯಲ್ಲಿ ಬಾಡಿಗೆ ರೂಮು ಹಿಡಿದಳು.

ಈಗ ಭಾನುವಾರ ಬರುತ್ತಾಳೆ. ಬಂಗುಡೆ ಸಾರು ಇಷ್ಟಪಟ್ಟು ಉಣ್ಣುತ್ತಾಳೆ. ಲೋಕಲಿನ ರಶ್ಶು, ನೀರಿನ ತಾಪತ್ರಯ, ಮಾತು ಅಷ್ಟೇ. ಒಮ್ಮೆ ಜಯಲತಾ ಧೈರ್ಯ ಮಾಡಿ, "ಅಂದು ನಾನು..." ಎಂದು ಶುರು ಮಾಡಿದಳು.

"ರೆಹನೆ ದೋ, ಬಿಡು ಮಮ್ಮಿ," ಎಂದು ಮಗಳು ಎದ್ದು ತನ್ನ ತಟ್ಟೆ ತೊಳೆದಿಟ್ಟಳು.

ಅವಳು ಹೊರಟಾಗ ಜಯಲತಾ ಬಾಗಿಲಲ್ಲಿ ನಿಂತಳು. ಮಗಳು ಕಟಾಂಜನ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದಳು.