ಮೂರನೇ ಕಾಲಂ

ಅಣ್ಣನಿಗೂ ಪೆನ್ನಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಪ್ರೆಸ್ಸಿನಲ್ಲಿ ಹದಿನೈದು ವರ್ಷ ಕಾಗದ ಕತ್ತರಿಸಿದವನು, ಅದರ ಮೇಲೆ ಒಂದು ಸಾಲು ಬರೆದವನಲ್ಲ. ಅಂಥವನ ಕೈಗೆ ಕುಡಿತ ಬಿಡಿಸುವ ಕೇಂದ್ರದ ಮೇಡಂ ವಾರಕ್ಕೊಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ನಾಲ್ಕು ಕಾಲಂ: ಕುಡಿಯಬೇಕು ಅನ್ನಿಸಿದ್ದು ಯಾವಾಗ, ಎಲ್ಲಿ, ಆಗ ಮನಸ್ಸಿನಲ್ಲಿ ಏನಿತ್ತು, ಆಮೇಲೆ ಏನು ಮಾಡಿದಿರಿ. ಆಸೆ ಹುಟ್ಟುವ ಜಾಗ ಗೊತ್ತಾದರೆ ಅಲ್ಲೇ ಅಡ್ಡಗಟ್ಟಬಹುದು ಎನ್ನುವುದು ಮೇಡಂ ನಂಬಿಕೆ.

"ಹಸಿವು ಅಂತ ಬರೆದಿಟ್ರೆ ಹೊಟ್ಟೆ ತುಂಬತ್ತಾ?" ಎಂದು ಅಣ್ಣ ಹಾಳೆಯನ್ನು ತಂಗಿಯ ಮುಂದೆ ತಳ್ಳಿದ್ದ. "ಡಿಗ್ರಿ ಮಾಡ್ಕೊಂಡು ಮನೇಲಿ ಕೂತಿದೀಯಲ್ಲ ಪುಟ್ಟಿ, ನಾನು ಹೇಳ್ತೀನಿ, ನೀನು ಬರಿ."

ಹೇಳುವುದು ಎರಡು ದಿನ ನಡೆಯಿತು. ಮೂರನೆಯ ದಿನ "ನಿನ್ನೆ ಥರಾನೇ" ಎಂದ. ನಾಲ್ಕನೆಯ ದಿನ ಅದನ್ನೂ ಅನ್ನಲಿಲ್ಲ. ಅರ್ಧ ಖಾಲಿ ಹಾಳೆ ಒಯ್ದರೆ ಮೇಡಂ ಏನೆಂದುಕೊಂಡಾರು ಎಂದು ನಾಚಿಕೆಯಾದದ್ದು ತಂಗಿಗೆ. ತಾನೇ ತುಂಬಲು ಕುಳಿತಳು. ಗುರುವಾರ, ಸಂಜೆ, ಮನೆ. ಮೂರನೇ ಕಾಲಮ್ಮಿಗೆ ಏನೂ ಹೊಳೆಯದೆ ಬಹಳ ಹೊತ್ತು ಪೆನ್ನು ಕಚ್ಚಿ, ಕೊನೆಗೆ ಬರೆದಳು: 'ಅಪ್ಪ ಹೋಗಿ ವರ್ಷವಾಯಿತು. ಅವರ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ, ಅದನ್ನು ಯಾರೂ ಸರಿಸುವುದೂ ಇಲ್ಲ.'

ಮೇಡಂ ಆ ಸಾಲಿನ ಕೆಳಗೆ ಗೆರೆ ಎಳೆದರು. ಅಲ್ಲಿಂದ ಮುಂದೆ ವಾರವಾರವೂ ಅಪ್ಪನ ಸಾವಿನದೇ ಮಾತು. ಅಣ್ಣ ತಲೆಯಾಡಿಸುತ್ತ ಕೂತಿರುತ್ತಿದ್ದ. ಮನೆಯವರ ಪರವಾಗಿ ಗೋಡೆ ಪಕ್ಕ ಕೂರುತ್ತಿದ್ದ ತಂಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಇವತ್ತು ನಾಲ್ಕನೇ ಹಾಳೆ. ಹೊರಡುವಾಗ ಅತ್ತಿಗೆ ಬಾಗಿಲಿಗೆ ಬಂದು, "ಏನಾದ್ರೂ ಮಾಡಿ ಪತ್ರ ಇಸ್ಕೊಂಡು ಬಾ. ಪತ್ರ ಇಲ್ದೆ ಪ್ರೆಸ್ಸಿನ ಯಜಮಾನ್ರು ಇವರನ್ನ ಮಷಿನ್ ಹತ್ರ ಬಿಡಲ್ವಂತೆ" ಎಂದಿದ್ದಳು. 'ಕೆಲಸಕ್ಕೆ ತಯಾರಿದ್ದಾರೆ' ಎಂದು ಮೇಡಂ ಬರೆದುಕೊಡಬೇಕಾದ ಪತ್ರ. ಮಷಿನ್ ಎಂದರೆ ಒಂದೇ ಏಟಿಗೆ ಐನೂರು ಹಾಳೆ ಸೀಳುವ ಅಲಗು. ಬಸ್ಸಿನಲ್ಲಿ ಬಾಯಾರಿ ಅಣ್ಣನ ಚೀಲದ ಬಾಟಲಿ ತೆರೆದವಳು ಬಾಯಿಗೆ ತರುವ ಮೊದಲೇ ಮುಚ್ಚಿಟ್ಟಿದ್ದಳು. ಅದು ನೀರಾಗಿರಲಿಲ್ಲ. ಅಣ್ಣ ಕಿಟಕಿಯಾಚೆ ನೋಡುತ್ತಿದ್ದ.

"ನೀವು ಹೇಳಿದ್ದನ್ನ ತಂಗಿ ಎಷ್ಟು ಚೆನ್ನಾಗಿ ಬರ್ಕೊಂಡಿದಾರೆ" ಎಂದರು ಮೇಡಂ, ಹಾಳೆ ಓದುತ್ತ. "ಬೇರೆಯವರೆಲ್ಲ 'ಬೇಜಾರು' ಅಂತ ಒಂದು ಪದ ಗೀಚಿ ಮುಗಿಸ್ತಾರೆ." ಡ್ರಾಯರಿನಿಂದ ಕೇಂದ್ರದ ಹೆಸರಿದ್ದ ಕಾಗದ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

ಇಳಿಯಬೇಕಾದ ಸ್ಟಾಪ್ ಬಂದರೂ ಕಂಡಕ್ಟರನ ಮುಂದೆ ಬಾಯಿಬಿಡದ ತಂಗಿ ಅಂದಳು, "ಮೇಡಂ, ಅದು ಅವನದ್ದಲ್ಲ."

"ಯಾವುದು?"

"ಮೂರನೇ ಕಾಲಂ. ಅವನೇನೂ ಹೇಳಿಲ್ಲ. ಎಲ್ಲಾ ನಾನೇ... ಬಾಟಲೀಲಿರೋದು ನೀರಲ್ಲ ಮೇಡಂ."

"ತಲೆ ಕೆಟ್ಟಿದೆ ಇವಳಿಗೆ. ಓದಿ ಓದಿ ಹೀಗಾಗಿದಾಳೆ" ಎಂದ ಅಣ್ಣ. ಮೇಡಂ ಚೀಲಕ್ಕೆ ಕೈ ಚಾಚಿದರು. ಅವನು ಅದನ್ನು ತೊಡೆಯ ಮೇಲೆಳೆದು ಅಪ್ಪಿಕೊಂಡ. ಅಷ್ಟು ಸಾಕಾಯಿತು.

ಮೇಡಂ ಪೆನ್ನು ಮುಚ್ಚಿದರು. "ಕುಡಿಯೋದು ಇವರು, ನಾನು ತಿಂಗಳಿಂದ ಚಿಕಿತ್ಸೆ ಕೊಟ್ಟಿದ್ದು ನಿಮಗೆ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲಮ್ಮ."

"ಸಹಾಯ ಆಗ್ಲಿ ಅಂತ..."

"ಇವರು ಎಡವೋ ಜಾಗ ಕಾಣ್ಲಿ ಅಂತ ಕೊಟ್ಟ ಹಾಳೆ. ನೀವು ಅದಕ್ಕೆ ಬಣ್ಣ ಬಳಿದುಬಿಟ್ರಿ."

ತಿಂಗಳಿಡೀ ಎದುರಿಗೆ ಕೂತವನ ಮುಖ ಬಿಟ್ಟು ಹಾಳೆಯನ್ನೇ ನೋಡಿದ್ದು ಯಾರು ಎಂದು ತಂಗಿಗೆ ಕೇಳಬೇಕೆನ್ನಿಸಿತು.

"ಇವಳು ಬರೀದೇ ಇದ್ದಿದ್ರೆ ನಾನೇ ಬರೀತಿದ್ದೆ" ಎಂದ ಅಣ್ಣ.

"ಹಾಗಾದ್ರೆ ಬರೀರಿ." ಮೇಡಂ ಪತ್ರದ ಕಾಗದವನ್ನು ಡ್ರಾಯರಿಗೆ ಹಾಕಿ ಹೊಸ ಹಾಳೆ ಅವನತ್ತ ಸರಿಸಿದರು. "ಮತ್ತೆ ಮೊದಲನೇ ವಾರ ಅಂತ್ಲೇ ಲೆಕ್ಕ. ಈಗ ಏನನ್ನಿಸ್ತಿದೆ ಅಂತಲೇ ಶುರು ಮಾಡಿ." ರೂಢಿಯಿಂದ ಪೆನ್ನಿನತ್ತ ಹೋದ ತಂಗಿಯ ಕೈಯನ್ನು ನೋಡಿ, "ನೀವು ಹೊರಗಿರಿ" ಎಂದರು.

ಹೊರಗಿನ ಬೆಂಚಿನಲ್ಲಿ ಕೂತು ಸಾವರಿಸಿಕೊಳ್ಳುವಷ್ಟರಲ್ಲಿ ಅತ್ತಿಗೆಯ ಫೋನು. "ಸಿಕ್ತಾ ಪತ್ರ?"

"ಇಲ್ಲ ಅತ್ತಿಗೆ. ನಾನೇ ತಪ್ಪಿಸಿದೆ."

"ನಿಂಗೇನಮ್ಮ, ಹೇಳಿ ಎದ್ದು ಹೋಗ್ತೀಯ. ಇವತ್ತು ರಾತ್ರಿ ಅವರ ಸಿಟ್ಟಿಗೆ ಎದುರು ಕೂರೋಳು ನಾನು." ಫೋನು ಕಟ್ಟಾಯಿತು. ಕುಡಿದು ಮಷಿನ್ ಮುಂದೆ ನಿಂತಿದ್ದರೆ ಅವನ ಬೆರಳೇ ಕತ್ತರಿಸಿಹೋಗುತ್ತಿತ್ತು ಅತ್ತಿಗೆ ಎಂದು ಹೇಳಲು ಆಮೇಲೆ ಹೊಳೆಯಿತು.

ಬಾಗಿಲಿನ ಗಾಜಿನಾಚೆ ಅಣ್ಣ ಕೈಕಟ್ಟಿ ಕೂತಿದ್ದ. ಮೇಡಂ ಏನೋ ಕೇಳಿದರು. ಅವನು ಭುಜ ಕುಣಿಸಿದ. ಹಾಳೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಒಳಗೆ ನುಗ್ಗಿ ತಾನೇ ತುಂಬಿಬಿಡೋಣ ಎಂದು ಅವಳ ಬೆರಳು ತುರಿಸುತ್ತಿತ್ತು. ಎರಡೂ ಕೈಗಳನ್ನು ತೊಡೆಯಡಿಗೆ ಒತ್ತಿ ಕೂತಳು.