ನಲವತ್ತು ಜನರ ಕೂಲಿ, ಒಬ್ಬನ ಪ್ಯಾನು

ತೆರಿಗೆ ಲೆಕ್ಕದ ಕತೆಯನ್ನು ಯಾರು ಓದುತ್ತಾರೆ ಎಂಬ ಅಳುಕು ಇದ್ದೇ ಇದೆ. ಅದಕ್ಕಿಂತ ದೊಡ್ಡ ಅಳುಕೆಂದರೆ, ಇನ್ನೂ ಕಣ್ಣೆದುರು ಓಡಾಡಿಕೊಂಡಿರುವವರ ಸಂಕಟವನ್ನು ಹೀಗೆ ಎತ್ತಿ ಹೇಳಬಹುದೇ ಎಂಬುದು. ಹೇಳಬಾರದಿತ್ತು ಎನಿಸಿದರೆ ಕ್ಷಮಿಸಬೇಕು. ಎಲ್ಲಾದರೂ ತಪ್ಪಿದ್ದರೆ ಅದು ಹೇಳಿದವರ ತಪ್ಪು, ಕತೆಯೊಳಗಿನವರದಲ್ಲ.

ಶ್ಯಾಮಲಾ ಕೋಣಂದೂರಿನವಳು. ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು. ಹನ್ನೊಂದು ವರ್ಷಗಳಿಂದ ತೀರ್ಥಹಳ್ಳಿಯಲ್ಲಿ ತೆರಿಗೆ ಸಲಹೆಗಾರ ಮಹಾಗಣಪತಿಯವರ ಆಫೀಸಿನಲ್ಲಿದ್ದಳು. ಬರೆದ ಅಂಕಿಯನ್ನು ಮೂರು ಸಲ ನೋಡುವ ಸ್ವಭಾವ ಅವಳದು. ನಾಲ್ಕನೆಯ ಸಲ, ಮನೆಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ನೆನಪಿನಲ್ಲೇ ನೋಡುವಳು.

"ನಿನ್ ಕೈಲಿ ತಪ್ಪಾಗಲ್ಲ ಮಾರಾಯ್ತಿ. ಆದ್ರೆ ಕೆಲಸಾನೂ ಮುಗಿಯಲ್ಲ" ಎಂದು ಮಹಾಗಣಪತಿಯವರು ನಗುತ್ತಿದ್ದರು.

ಆ ವರ್ಷದ ಜುಲೈಯಲ್ಲಿ, ರಿಟರ್ನ್ ತುಂಬುವ ಗಡಿಬಿಡಿಯ ನಡುವೆ, ಹೊಸನಗರದ ಹೂವಪ್ಪ ಬಂದ. ಶ್ಯಾಮಲಾಳ ಅಣ್ಣನ ಹಳೆಯ ಸ್ನೇಹಿತ. ನಾಟಕದ ಪರದೆ ಬರೆಯುತ್ತ ಕೈ ಪಳಗಿಸಿಕೊಂಡು, ಈಗ ಸಿನಿಮಾ ಸೆಟ್ಟುಗಳಿಗೆ ಬಣ್ಣ ಹೊಡೆಯುತ್ತಿದ್ದ. ನಿನ್ನೆ ನಿಲ್ಲಿಸಿದ ಪ್ಲೈವುಡ್ ಗೋಡೆಯನ್ನು ನೂರು ವರ್ಷದ ಪಾಚಿಗಟ್ಟಿದ ಗೋಡೆಯ ಹಾಗೆ ಮಾಡಿಬಿಡುತ್ತಿದ್ದ. ಅದನ್ನು ಕಂಡವರು ಕೈಯಿಟ್ಟು ಮುಟ್ಟಿ ನೋಡದೆ ಹೋಗುತ್ತಿರಲಿಲ್ಲ.

ಫೆಬ್ರವರಿ, ಮಾರ್ಚಿನಲ್ಲಿ ಕಾರ್ಗಲ್‌ನ ಖಾಲಿ ಕ್ವಾರ್ಟರ್ಸುಗಳಲ್ಲಿ ಬೆಂಗಳೂರಿನ ಒಂದು ಕಂಪನಿ ನಲವತ್ತು ದಿನ ಶೂಟಿಂಗ್ ನಡೆಸಿತ್ತು. ಸೆಟ್ ಕಟ್ಟಲು, ಲೈಟು ಹೊರಲು, ಅಡಿಗೆ ಮಾಡಲು, ಗುಂಪಿನಲ್ಲಿ ನಿಲ್ಲಲು ಸಾಗರ, ಹೊಸನಗರದ ಕಡೆಯಿಂದ ನಲವತ್ತು ಜನರನ್ನು ಕರೆತಂದವನು ಹೂವಪ್ಪ. ತಲೆಗೆ ದಿನಕ್ಕೆ ಎಂಟುನೂರು. ಹೂವಪ್ಪನಿಗೆ ಎರಡೂವರೆ ಸಾವಿರ. ನಲವತ್ತು ಜನರ ಹೆಸರಿಗೆ ಬೇರೆ ಬೇರೆ ಹಣ ಹಾಕುವ ರಗಳೆ ಕಂಪನಿಗೆ ಬೇಡವಾಗಿತ್ತು. ಪ್ಯಾನ್ ಕಾರ್ಡು ಇದ್ದವನು ಹೂವಪ್ಪ. ಅವನ ಖಾತೆಗೇ ಅಷ್ಟೂ ಹಾಕಿದರು. ಇಲ್ಲಿಯವರಿಗೂ ಅದು ಹೊಸದೆನಿಸಲಿಲ್ಲ. ಅಡಿಕೆ ಗೊನೆ ತೆಗೆಯುವ ಗುಂಪಿನಲ್ಲೂ ಹಾಗೇ ಅಲ್ಲವೇ? ಮೇಸ್ತ್ರಿಯ ಕೈಗೆ ಕೊಟ್ಟರೆ ಎಲ್ಲರಿಗೂ ಕೊಟ್ಟ ಹಾಗೆ. ಮೇಸ್ತ್ರಿ ಹಂಚುತ್ತಾನೆ, ಯಾರೂ ಸಹಿ ಹಾಕುವುದಿಲ್ಲ. ಸಹಿ ಕೇಳಿದರೆ ನಂಬಿಕೆಯಿಲ್ಲ ಎಂದು ಅರ್ಥ.

"ಒಟ್ಟು ಹದಿಮೂರು ಲಕ್ಷದ ಎಂಬತ್ತು ಸಾವಿರ ತಂಗಿ. ಅದ್ರಲ್ಲಿ ನೂರಕ್ಕೆ ಹತ್ತು ಹಿಡ್ಕಂಡು ಕೊಟ್ಟಿದಾರೆ. ಟಿಡಿಎಸ್ಸಂತೆ. ರಿಟರ್ನ್ ಹಾಕಿದ್ರೆ ವಾಪಸ್ ಬರ್ತದೆ ಅಂದ್ರು" ಎಂದ ಹೂವಪ್ಪ. ತನ್ನ ಪಾಲಿನ ಒಂದು ಲಕ್ಷವನ್ನು ಸುರಿದು ಕೂಲಿ ಹಂಚಿದ್ದ. ಆದರೂ ಮೂವತ್ತೆಂಟು ಸಾವಿರ ಬಾಕಿ ಉಳಿದಿತ್ತು. "ಎದುರಿಗೆ ಸಿಕ್ಕೋರು ಏನೂ ಕೇಳಲ್ಲ. ಕೇಳ್ದೇ ಇರೋದೇ ಕಷ್ಟ."

ಶ್ಯಾಮಲಾ ಲೆಕ್ಕ ಹಾಕಿದಳು. ಕಲಾವಿದರ ವೃತ್ತಿಗೆ ಒಂದು ಸುಲಭದ ದಾರಿಯಿದೆ. ಬಂದ ಹಣದಲ್ಲಿ ಅರ್ಧ ಖರ್ಚು, ಅರ್ಧ ಆದಾಯ ಎಂದು ತೋರಿಸಿದರೆ ಪುಸ್ತಕ, ರಸೀದಿ ಒಂದೂ ಬೇಡ. ಅರ್ಧವೆಂದರೆ ಆರು ಲಕ್ಷದ ತೊಂಬತ್ತು ಸಾವಿರ. ಏಳು ಲಕ್ಷದೊಳಗೆ ತೆರಿಗೆ ಸೊನ್ನೆ. ಹಿಡಿದ ಹಣವೆಲ್ಲ ವಾಪಸ್ಸು. ಅವಳಿಗೇ ಖುಷಿಯಾಯಿತು.

"ಇದ್ರಿಂದ ನಂಗೆ ಮುಂದೆ ಎಂತಾದ್ರೂ ತೊಂದರೆ ಆಗ್ತದಾ?"

"ಎಂತದೂ ಆಗಲ್ಲ ಹೂವಣ್ಣ. ತೆರಿಗೇನೇ ಇಲ್ಲ ಅಂದ್ಮೇಲೆ ಇನ್ನೆಂತ ತೊಂದರೆ?"

ಮಾತು ಮುಗಿಯಿತು. ಬೇರೆಯವರ ಕೂಲಿಯನ್ನೂ ಅವನದೇ ಆದಾಯವೆಂದು ಬರೆಯುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ತೆರಿಗೆಯೇ ಬರದಿದ್ದ ಮೇಲೆ ಅದರಿಂದ ಯಾರಿಗೆ ನಷ್ಟ ಎಂದುಕೊಂಡಿದ್ದಳು.

ಆಗಸ್ಟ್ ಕೊನೆಗೆ ಒಂದು ಲಕ್ಷದ ಮೂವತ್ತೆಂಟು ಸಾವಿರ ಬಂತು. ಹೂವಪ್ಪ ಬಾಕಿ ಹಂಚಿದ, ತನ್ನ ಪಾಲನ್ನು ಹಳೆಯ ಸಾಲಕ್ಕೆ ಕಟ್ಟಿದ. ಆಫೀಸಿಗೆ ಅರ್ಧ ಕೇಜಿ ಸಿಹಿ ತಂದು ಮಹಾಗಣಪತಿಯವರ ಮುಂದಿಟ್ಟ. "ನಿಮ್ ಶ್ಯಾಮಲಾ ಇಲ್ದೇ ಇದ್ರೆ ನಾನು ಊರಲ್ಲಿ ತಲೆ ಎತ್ತಂಗಿರ್ಲಿಲ್ಲ ಸಾರ್."

ನವೆಂಬರಿನಲ್ಲಿ ಹೂವಪ್ಪನ ಫೋನು ಬಂತು. ಅವನ ಹೆಂಡತಿ ಹುಲಿಯಮ್ಮನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಹೃದಯದ ವಾಲ್ವು ಕೆಟ್ಟಿದೆ, ಬದಲಾಯಿಸಬೇಕು ಎಂದು ಶಿವಮೊಗ್ಗದ ಡಾಕ್ಟರು ಹೇಳಿ ಡಿಸೆಂಬರಿಗೆ ದಿನ ಕೊಟ್ಟಿದ್ದರು. ಬಿಪಿಎಲ್ ಕಾರ್ಡು ಇದೆಯಲ್ಲ, ಪೂರ್ತಿ ಖರ್ಚು ಸರ್ಕಾರದ್ದು ಎಂದು ಧೈರ್ಯವಾಗಿದ್ದರು. ಆಸ್ಪತ್ರೆಯ ಕೌಂಟರಿನಲ್ಲಿ ನಂಬರು ಒತ್ತಿದ ಹುಡುಗಿ, "ನಿಮ್ದು ಎಪಿಎಲ್ ತೋರಿಸ್ತಿದೆ" ಎಂದಳಂತೆ. ಮೂರನೇ ಒಂದು ಭಾಗದಷ್ಟನ್ನೂ ಸರ್ಕಾರ ಕೊಡುವುದಿಲ್ಲ. ಉಳಿದ ಒಂದು ಲಕ್ಷದ ಎಂಬತ್ತು ಸಾವಿರ ಇವರೇ ತರಬೇಕು. ಆಹಾರ ಇಲಾಖೆಯ ಕಚೇರಿಯಲ್ಲಿ ಕೇಳಿದರೆ, ಆದಾಯ ತೆರಿಗೆಯವರ ಪಟ್ಟಿಯಲ್ಲಿ ಹೂವಪ್ಪನ ಹೆಸರಿದೆ, ಅದಕ್ಕೇ ಕಾರ್ಡು ಬದಲಾಗಿದೆ ಎಂದರಂತೆ.

ಶ್ಯಾಮಲಾ ಅವನ ಫೈಲು ತೆಗೆದು ಮಹಾಗಣಪತಿಯವರ ಮುಂದಿಟ್ಟು ವಿಷಯ ಹೇಳಿದಳು. ಇಷ್ಟು ವರ್ಷದಲ್ಲಿ ಅವಳು ಅಂಕಿಗಳನ್ನು ಮೂರು ಸಲ ನೋಡಿದ್ದಳೇ ಹೊರತು, ರಿಟರ್ನ್ ಹಾಕುವವರ ಮನೆಯ ಕಾರ್ಡಿನ ಬಣ್ಣ ಯಾವುದೆಂದು ಒಮ್ಮೆಯೂ ಕೇಳಿರಲಿಲ್ಲ.

ಮಹಾಗಣಪತಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಡಿಸೆಂಬರ್ ಮೂವತ್ತೊಂದರ ತನಕ ತಿದ್ದಿ ಹಾಕ್ಬಹುದು. ಹದಿಮೂರು ಲಕ್ಷದಲ್ಲಿ ಇವನದ್ದು ಒಂದೇ ಲಕ್ಷ, ಉಳಿದದ್ದು ಕೂಲಿ ಕೊಟ್ಟೆ ಅಂತ. ಆದ್ರೆ ಕೊಟ್ಟಿದ್ದಕ್ಕೆ ಸಾಕ್ಷಿ ಎಲ್ಲಿ?"

"ಹೂವಣ್ಣ ಕೂಲಿ ಬರೆದಿಟ್ಟ ಪುಸ್ತಕದಲ್ಲಿ ಹೆಸರಿದೆ ಸರ್. ಸಹಿ ಇಲ್ಲ."

"ನಾಳೆ ನೋಟಿಸ್ ಬಂದ್ರೆ ಹೆಸರು ತೋರಿಸ್ತೀಯಾ? ನಲವತ್ತು ಸಹಿ ತಗೊಂಡ್ ಬಾ, ಹಾಕೋಣ. ಆಮೇಲೆ ಅದನ್ನ ಹಿಡ್ಕಂಡು ಆಹಾರ ಇಲಾಖೆಗೆ ಅರ್ಜಿ ಕೊಡ್ಲಿ."

ಆ ಭಾನುವಾರ ಬೆಳಿಗ್ಗೆ ಶ್ಯಾಮಲಾ ನಲವತ್ತು ವೋಚರು ಬರೆದುಕೊಂಡು ಹೊಸನಗರದ ಬಸ್ಸು ಹತ್ತಿದಳು. ಹೂವಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದ. ಮೊದಲು ಜನರೇಟರ್ ವ್ಯಾನ್ ಓಡಿಸಿದ್ದ ದುರ್ಗೇಶನ ಮನೆಗೆ ಹೋದರು. ಶೂಟಿಂಗಿನಲ್ಲಿ ಅಡಿಗೆ ಮಾಡಿದ್ದ ಶರಾವತಿಯೂ ಸುದ್ದಿ ಕೇಳಿ ಅಲ್ಲಿಗೇ ಬಂದಳು. ಇನ್ನೂ ಏಳೆಂಟು ಜನ ಜಗಲಿಯ ಕೆಳಗೆ ನಿಂತರು.

"ಏನ್ ಹೂವಣ್ಣ, ಮತ್ತೆ ಶೂಟಿಂಗಾ? ಈ ಸಲ ನಂಗೆ ಹೀರೋ ಪಾರ್ಟು ಕೊಡ್ಸು" ಎಂದ ದುರ್ಗೇಶ.

"ನಿನ್ ಮುಖಕ್ಕೆ ಬಣ್ಣ ಹೊಡೆಯಕ್ಕೆ ನಲವತ್ತು ದಿನ ಸಾಲಲ್ಲ" ಎಂದಳು ಶರಾವತಿ. ಎಲ್ಲರೂ ನಕ್ಕರು. ಹೂವಪ್ಪನೂ ನಕ್ಕ.

ಶ್ಯಾಮಲಾ ವಿಷಯ ಬಿಡಿಸಿ ಹೇಳಿದಳು. ಹುಲಿಯಮ್ಮನ ವಾಲ್ವು, ಕಾರ್ಡು, ಸಹಿ. ನಗು ನಿಂತಿತು. ಶರಾವತಿ ವೋಚರನ್ನು ತೆಗೆದುಕೊಂಡು ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಮೂವತ್ತೆರಡು ಸಾವಿರ ರೂಪಾಯಿ ಸಿನಿಮಾ ಕೆಲಸಕ್ಕಾಗಿ ಪಡೆದಿದ್ದೇನೆ.

"ಹುಲಿಯಕ್ಕನಿಗೆ ಅಂದ್ರೆ ರಕ್ತ ಬೇಕಾದ್ರೂ ಕೊಡ್ತೀನಿ" ಎಂದಳು. "ಆದ್ರೆ ಇದು ಹೋಗೋದು ತೆರಿಗೆಯೋರ ಹತ್ರ ಅಲ್ದಾ ಶ್ಯಾಮಲಕ್ಕ? ನಾಳೆ ನನ್ ಕಾರ್ಡೂ ಹೋದ್ರೆ? ನಮ್ಮತ್ತೆಗೆ ವಾರಕ್ಕೆರಡು ಸಲ ಡಯಾಲಿಸಿಸ್ಸು."

"ವರ್ಷಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರದ ತನಕ ಬಿಪಿಎಲ್ಲಿಗೆ ತೊಂದರೆ ಇಲ್ಲ. ಇದು ಬರೀ ಮೂವತ್ತೆರಡು."

"ಅದು ಸರಿ. ನನ್ ಕಾರ್ಡಿಗೆ ಎಂತದೂ ಆಗಲ್ಲ ಅಂತ ನೀವು ಹೇಳಿಬಿಡಿ. ನೀವು ಹೇಳಿದ್ರೆ ಈಗ್ಲೇ ಹಾಕ್ತೀನಿ."

ಎಲ್ಲರೂ ಶ್ಯಾಮಲಾಳ ಮುಖ ನೋಡಿದರು. ಹೇಳಿಬಿಡಬಹುದಿತ್ತು. ಎರಡು ಪದದ ಮಾತು. ಅದೇ ಮಾತನ್ನು ಜುಲೈಯಲ್ಲಿ ಹೂವಪ್ಪನಿಗೆ ಹೇಳಿದ್ದಳು. ಪಕ್ಕದಲ್ಲಿ ನಿಂತ ಹೂವಪ್ಪ ನೆಲ ನೋಡುತ್ತಿದ್ದ, ಅವಳಿಗೆ ನೆನಪಿಸಲಿಲ್ಲ.

"ನಂಗೆ ಗೊತ್ತಿಲ್ಲ ಶರಾವತಿ" ಎಂದಳು. "ಆಗಬಾರದು. ಆದ್ರೆ ಆಗಲ್ಲ ಅಂತ ನಾನು ಹೇಳಕ್ಕಾಗಲ್ಲ."

ಶರಾವತಿ ಕಾಗದವನ್ನು ಮಡಿಸದೆ ಹಾಗೇ ವಾಪಸ್ಸು ಕೊಟ್ಟಳು. ದುರ್ಗೇಶ ಒಬ್ಬ ಸಹಿ ಹಾಕಿದ. "ನಂದು ಹೆಂಗೂ ಎಪಿಎಲ್ಲು. ವ್ಯಾನ್ ತಗಂಡಾಗ್ಲೇ ಕಿತ್ಕಂಡ್ರು." ಸಂಜೆಯ ಹೊತ್ತಿಗೆ ಊರೂರು ತಿರುಗಿ ಒಟ್ಟು ಸಿಕ್ಕಿದ್ದು ಆರು ಸಹಿ. ಆರು ಜನರದ್ದೂ ಆಗಲೇ ಎಪಿಎಲ್. ಮುಂದಿನ ಎರಡು ಭಾನುವಾರ ಸಾಗರದ ಕಡೆ ಹೋದರು. ಇನ್ನೂ ಮೂರು ಸಿಕ್ಕಿದವು.

ಆಪರೇಷನ್ನಿನ ದಿನ ಬಂತು, ಹೋಯಿತು. ಹಣವಿಲ್ಲದೆ ಜನವರಿಗೆ ಮುಂದೂಡಿದರು. ಹುಲಿಯಮ್ಮ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಶ್ಯಾಮಲಾ ಹೋದಾಗ, "ನೀ ಎಂತಕ್ಕೆ ಮುಖ ಸಣ್ಣ ಮಾಡ್ಕಂತಿ? ನೀ ಹಣ ಕೊಡಿಸ್ದೆ. ಕೆಡುಕು ಮಾಡ್ಲಿಲ್ಲ" ಎಂದಳು. ನಡುವೆ ಎರಡು ಸಲ ನಿಂತು ಉಸಿರೆಳೆದುಕೊಂಡಳು. "ಅತ್ತಿಗೆ, ಮಾತಾಡ್ಬೇಡಿ" ಎಂದಳು ಶ್ಯಾಮಲಾ.

ಡಿಸೆಂಬರ್ ಇಪ್ಪತ್ತೆಂಟಕ್ಕೆ ಹೂವಪ್ಪ ಆಫೀಸಿಗೆ ಬಂದ. ಉಳಿದ ಮೂವತ್ತೊಂದು ವೋಚರುಗಳನ್ನು ಮೇಜಿನ ಮೇಲೆ ಹರಡಿದ.

"ಪೆನ್ನು ಕೊಡು ತಂಗಿ. ನಾನೇ ಹಾಕ್ತೀನಿ. ಮೂವತ್ತೊಂದೂ ಬೇರೆ ಬೇರೆ ಕೈ. ಹೆಬ್ಬೆಟ್ಟು ಬಿಟ್ಟು ಬಾಕಿ ಎಲ್ಲಾ ಬರ್ತದೆ ನಂಗೆ." ಒಂದು ಹಾಳೆಯಲ್ಲಿ ಬರೆದೂ ತೋರಿಸಿದ. ಮುದುಕನ ನಡುಗುವ ಕೈ, ಶಾಲೆ ಬಿಟ್ಟವಳ ದುಂಡಗಿನ ಅಕ್ಷರ, ಅವಸರದವನ ಗೀಚು. ಒಂದಕ್ಕೊಂದು ಹೋಲಿಕೆಯಿಲ್ಲ. "ಅವ್ರು ಹಣ ತಗಂಡಿದ್ದು ಸತ್ಯ ಅಲ್ದಾ? ಸತ್ಯಕ್ಕೆ ತಾನೇ ಸಹಿ ಹಾಕ್ತಿರೋದು?"

ಸತ್ಯವೇ ಎಂದು ಅವಳೂ ಒಪ್ಪಿದಳು. ಆದರೂ ಬೇಡ ಎಂದಳು. ಶರಾವತಿ ಕೊಡದ ಸಹಿಯನ್ನು ಶರಾವತಿಯ ಹೆಸರಲ್ಲಿ ಹಾಕಿ, ನಾಳೆ ಅವಳ ಅತ್ತೆಯ ಡಯಾಲಿಸಿಸ್ ನಿಂತರೆ? ಹೂವಪ್ಪ ಪೆನ್ನನ್ನು ಕೆಳಗಿಟ್ಟ. ಸಿಟ್ಟಾಗಲಿಲ್ಲ. "ನೀ ಹೇಳೋದು ಸರಿ" ಎಂದ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನಿಸಿತು.

ಮೂವತ್ತನೆಯ ತಾರೀಖು ಮಹಾಗಣಪತಿಯವರ ಮುಂದೆ ನಿಂತು, "ಒಂಬತ್ತು ಸಹಿ, ಅವನ ಪುಸ್ತಕ, ಬ್ಯಾಂಕಿನಿಂದ ಹಣ ತೆಗೆದ ಲೆಕ್ಕ, ಇಷ್ಟರ ಮೇಲೇ ತಿದ್ದಿ ಹಾಕ್ತೀನಿ ಸರ್. ನೋಟಿಸ್ ಬಂದ್ರೆ ನಾನು ಉತ್ತರ ಕೊಡ್ತೀನಿ" ಎಂದಳು. ಅವರು ಒಂಬತ್ತು ವೋಚರುಗಳನ್ನೂ ಒಂದೊಂದಾಗಿ ತಿರುವಿ ನೋಡಿದರು. ಕೊನೆಗೆ, "ಈ ಧೈರ್ಯ ಒಂದು ತಿಂಗಳ ಹಿಂದೆ ಬರಬೇಕಿತ್ತು ನಮ್ಮಿಬ್ರಿಗೂ" ಎಂದರು. ರಿಟರ್ನ್ ಹೋಯಿತು. ಆದಾಯ ಒಂದು ಲಕ್ಷ.

ಅದರ ಪ್ರತಿ ಹಿಡಿದು ಶ್ಯಾಮಲಾ, ಹೂವಪ್ಪ ಆಹಾರ ಇಲಾಖೆಗೆ ಹೋದರು. ಗುಮಾಸ್ತ ಒರಟನಲ್ಲ, ಕೂರಿಸಿ ಮಾತಾಡಿದ. "ಪಟ್ಟಿ ಮೇಲಿಂದ ಬರೋದಮ್ಮ, ಇಲ್ಲಿ ತಿದ್ದೋ ಬಟನ್ನೇ ಇಲ್ಲ. ಅರ್ಜಿ ಕೊಟ್ಟಿರಿ, ಕಳಿಸ್ತೀನಿ." ಕಳಿಸಿದ್ದೂ ನಿಜ. ಸ್ವೀಕೃತಿ ಸಂಖ್ಯೆ ಬಂತು.

ಜನವರಿ ಮಧ್ಯದಲ್ಲಿ ಶರಾವತಿ ಹೂವಪ್ಪನ ಮನೆಗೆ ಬಂದು ಮಡಿಸಿದ ನೋಟುಗಳನ್ನು ಹುಲಿಯಮ್ಮನ ಹಾಸಿಗೆಯ ಮೇಲಿಟ್ಟಳು. ಸಹಿ ಹಾಕದವರೇ ಐನೂರು, ಸಾವಿರ, ಎರಡು ಸಾವಿರ ಕೂಡಿಸಿದ್ದರು. ಮೂವತ್ತೇಳು ಸಾವಿರ. "ಯಾರ್ ಯಾರದ್ದು ಎಷ್ಟು ಅಂತ ಬರ್ಕಬೇಡ ಹೂವಣ್ಣ" ಎಂದಳು. ಶ್ಯಾಮಲಾ ತನ್ನ ಉಳಿತಾಯದ ನಲವತ್ತು ಸಾವಿರ ಕೊಟ್ಟಳು. ಮಹಾಗಣಪತಿಯವರು ಹತ್ತು. ಹೂವಪ್ಪ ತನ್ನ ಬೈಕು ಮಾರಿದ. ಎಲ್ಲ ಸೇರಿ ಒಂದು ಲಕ್ಷದ ಹದಿನೆಂಟು ಸಾವಿರ. ಉಳಿದದ್ದಕ್ಕೆ ಸೊಸೈಟಿಯಲ್ಲಿ ಸಾಲ ಕೇಳಿ, ಅದು ಮಂಜೂರಾಗಿ, ಆಸ್ಪತ್ರೆ ಮತ್ತೆ ದಿನ ಕೊಟ್ಟದ್ದು ಫೆಬ್ರವರಿ ಇಪ್ಪತ್ತಕ್ಕೆ.

ಹುಲಿಯಮ್ಮ ಹನ್ನೊಂದನೆಯ ತಾರೀಖಿಗೇ, ಬೆಳಿಗ್ಗೆ ಹೂವಪ್ಪ ಕಾಫಿ ತರಲು ಒಳಗೆ ಹೋದಾಗ, ಕೂತಲ್ಲೇ ಹೋದಳು. ನಲವತ್ತಾರು ವರ್ಷ. ಮಣ್ಣಿಗೆ ನಲವತ್ತು ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಂದಿದ್ದರು. ಶರಾವತಿಯೂ ಶ್ಯಾಮಲಾಳೂ ಒಂದೇ ಬೆಂಚಿನಲ್ಲಿ ಕೂತಿದ್ದರು.

ಕಾರ್ಡಿನ ಅರ್ಜಿ ಏನಾಯಿತೆಂದು ಇವತ್ತಿಗೂ ತಿಳಿದಿಲ್ಲ. ಪರಿಶೀಲನೆಯಲ್ಲಿದೆ ಎಂದೇ ತೋರಿಸುತ್ತದೆ. ಹೂವಪ್ಪನ ಹೆಸರು ಆ ಪಟ್ಟಿಗೆ ಸೇರಿದ್ದು ಶ್ಯಾಮಲಾ ತುಂಬಿದ ರಿಟರ್ನಿನಿಂದಲೋ, ಅದಕ್ಕೂ ಮೊದಲೇ ಕಂಪನಿ ಅವನ ಪ್ಯಾನಿಗೆ ಬರೆದ ಹದಿಮೂರು ಲಕ್ಷದಿಂದಲೋ ಎಂದು ಅವಳು ಎರಡು ಇಲಾಖೆಗಳಿಗೂ ಪತ್ರ ಬರೆದು ಕೇಳಿದಳು. ಒಂದರಿಂದ ಉತ್ತರ ಬರಲಿಲ್ಲ. ಇನ್ನೊಂದು, ಈ ಮಾಹಿತಿ ನಮ್ಮಲ್ಲಿ ಲಭ್ಯವಿಲ್ಲ ಎಂದಿತು. ಡಿಸೆಂಬರಿನಲ್ಲೇ ಆಪರೇಷನ್ ಆಗಿದ್ದರೆ ಹುಲಿಯಮ್ಮ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆದ್ದರಿಂದ ಅದೂ ಗೊತ್ತಿಲ್ಲ.