ತಳದಲ್ಲಿ ‘ಚಂ’ ಎಂದಿದೆ

ನಾನು ಒಂದು ಭರಣಿ. ಖಾನಾಪುರದ ಊರಾಚೆಯ ತಗಡಿನ ಶೆಡ್ಡಿನಲ್ಲಿ, ತಿರುಗುವ ತಿಗರಿಯ ಮೇಲೆ, ಚಂಪಾವತಿಯ ಎರಡು ಅಂಗೈಗಳ ನಡುವೆ ಎದ್ದು ನಿಂತೆ. ಅರೆ ಒಣಗಿದಾಗ ಅವಳು ನನ್ನನ್ನು ಬೋರಲು ಹಾಕಿ, ತಳಕ್ಕೆ ಮರದ ಮುದ್ರೆ ಒತ್ತಿದಳು: ‘ಚಂ’.

ಮುದ್ರೆ ಕೆತ್ತಿದವನು ಅವಳ ಗಂಡ ಚಂದ್ರಕಾಂತ. ಮದುವೆಯ ಹೊಸತರಲ್ಲಿ, ಇಬ್ಬರ ಹೆಸರಿಗೂ ಇದೊಂದೇ ಸಾಕೆಂದು ನಗುತ್ತ ಕೆತ್ತಿದ್ದನಂತೆ. ಆದರೆ ಪ್ರದರ್ಶನಗಳಿಗೆ ಹೋಗುತ್ತಿದ್ದವನು ಅವನೇ. ಜನ ‘ಚಂ’ ಎಂದರೆ ಚಂದ್ರಕಾಂತ ಎಂದೇ ಓದಿದರು. ನಾನು ಹುಟ್ಟುವ ಹೊತ್ತಿಗೆ ಅವನ ಕೈಗೆ ನಡುಕ ಬಂದಿತ್ತು. ಮಣ್ಣು ಅವನ ಮಾತು ಕೇಳುತ್ತಿರಲಿಲ್ಲ. ಅಲ್ಲಿಂದಾಚೆಗೆ ಎಲ್ಲವನ್ನೂ ಮಾಡಿದವಳು ಅವಳು. ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದವಳೂ ಅವಳೇ. ಕೈ ಹೋಯಿತು, ಹೆಸರಾದರೂ ಉಳಿಯಲಿ ಎಂದುಕೊಂಡಳು.

ನನ್ನನ್ನು ಕೊಂಡವರು ಧಾರವಾಡದ ಇಂದುಮತಿ ಟೀಚರ್. ತಳ ನೋಡದೆ ಕೊಂಡವರು ಅವರೊಬ್ಬರೇ. ಬಾಯೊಳಗೆ ಕೈ ಇಳಿಸಿ, ಸೌಟು ಹಿಡಿಸುತ್ತದೆ ಎಂದು ಖಾತ್ರಿ ಮಾಡಿಕೊಂಡರು. ಅವರ ಮನೆಯಲ್ಲಿ ವರ್ಷಗಟ್ಟಲೆ ನಿಂಬೆ ಉಪ್ಪಿನಕಾಯಿ ಹೊತ್ತೆ. ಅವರು ತೀರಿದ ಮೇಲೆ ಹಳೆ ಸಾಮಾನಿನ ಅಂಗಡಿ ಸೇರಿ, ಮುರಿದ ಛತ್ರಿಗಳ ಪಕ್ಕದಲ್ಲಿ ಧೂಳು ತಿಂದೆ. ಬಂದವರೆಲ್ಲ ನನ್ನನ್ನು ತಿರುವಿ, ಕಣ್ಣು ಕಿರಿದಾಗಿಸಿ, ಇಟ್ಟು ಹೋಗುತ್ತಿದ್ದರು. ಮೈ ನೋಡಿದವರು ಕಡಿಮೆ. ನಾನು ದಣಿದು ಹೋಗಿದ್ದೆ.

ಕೊನೆಗೆ ಬೆಳಗಾವಿಯ ಪೋತದಾರರು ಬಂದರು. ಇಂಥ ಮಡಕೆ ಭರಣಿಗಳನ್ನು ಸಂಗ್ರಹಿಸುವವರು. ‘ಚಂ’ ಕಂಡದ್ದೇ ಅವರ ಉಸಿರು ಬದಲಾಯಿತು. ಚಂದ್ರಕಾಂತರ ಕಸುಬಿನ ಕೊನೆಗಾಲದ ಭರಣಿಗಳೇ ಶ್ರೇಷ್ಠವೆಂದು ಅವರು ನಂಬಿದ್ದರು. ಅವುಗಳದೊಂದು ಪ್ರದರ್ಶನವನ್ನೂ ಗೊತ್ತು ಮಾಡಿದ್ದರು. ಖಾತ್ರಿಗಾಗಿ ನನ್ನನ್ನು ಟವೆಲಿನಲ್ಲಿ ಸುತ್ತಿ ಖಾನಾಪುರಕ್ಕೆ ಒಯ್ದರು.

ಚಂದ್ರಕಾಂತ ತೀರ ಮುದುಕನಾಗಿದ್ದ. ಪೋತದಾರರು ನನ್ನನ್ನು ಅವನ ತೊಡೆಯ ಮೇಲಿಟ್ಟರು. ಕೈ ನಡುಗಿ ನನ್ನ ಮುಚ್ಚಳ ಕಟಕಟ ಎಂದಿತು. ಒಳಗಿನಿಂದ ಬಂದ ಚಂಪಾವತಿ ನನ್ನನ್ನು ಗುರುತಿಸಿದಳು. ಅದು ಅವರದೇ, ಮುದ್ರೆಯಿದೆಯಲ್ಲ ಎಂದು ಮಾತು ಮುಗಿಸಲು ನೋಡಿದಳು.

“ನಂದಲ್ಲ,” ಎಂದ ಚಂದ್ರಕಾಂತ. “ಇದು ಅಕೀದು. ಆ ಕಾಲದ್ದು ಎಲ್ಲಾ ಅಕೀನ ಮಾಡಿದ್ದು.”

ಅಕ್ಷರ ಬದಲಾಗಿರಬಹುದೇನೋ ಎಂಬಂತೆ ಪೋತದಾರರು ನನ್ನನ್ನು ಇನ್ನೊಮ್ಮೆ ತಿರುವಿದರು. ಪ್ರದರ್ಶನದ ಬಗ್ಗೆ ವಿಚಾರ ಮಾಡಿ ತಿಳಿಸುವುದಾಗಿ ಹೇಳಿ ಎದ್ದರು. ನನ್ನನ್ನು ಮರೆತರೋ, ಬಿಟ್ಟರೋ, ತಿಳಿಯದು.

ಅವರು ಹೋದ ಮೇಲೆ ಚಂಪಾವತಿ ಗಂಡನ ಎದುರು ಬಂದು ನಿಂತಳು. “ಈಗ್ಯಾಕ ಹೇಳಿದ್ರಿ? ಇಷ್ಟು ವರ್ಷ ಕಾಯ್ಕೊಂಡು ಬಂದಿದ್ದೆ.”

“ನಾ ಹೋದಮ್ಯಾಲೆ ನೀ ಹೇಳಿದ್ರ ಯಾರು ನಂಬ್ತಾರ?”

ಅವಳು ನನ್ನನ್ನು ತೊಳೆದು, ಹುಣಸೆಹಣ್ಣು ತುಂಬಿ, ಪಡಸಾಲೆಯ ಗೂಡಿನಲ್ಲಿಟ್ಟಳು.

ಪೋತದಾರರ ಸುದ್ದಿ ಇನ್ನೂ ಬಂದಿಲ್ಲ. ಬರದಿದ್ದರೂ ಸರಿಯೇ. ಇನ್ನೊಂದು ಊರು, ಇನ್ನೊಂದು ಕಪಾಟು ನೋಡುವ ಶಕ್ತಿ ನನಗಿಲ್ಲ. ಇಲ್ಲಿ ಸಂಜೆಯಾದರೆ ಅವಳು ಬಸಿಯಲ್ಲಿ ಚಹಾ ಆರಿಸಿ ಅವನ ತುಟಿಗೆ ಹಿಡಿಯುತ್ತಾಳೆ. ಹಾಲು ಕೊಡುವವಳು ಬರಲಿ, ಅಂಚೆಯವನು ಬರಲಿ, ಯಾರೂ ಕೇಳದಿದ್ದರೂ ಅವನು ನನ್ನ ಕಡೆ ಗದ್ದ ಎತ್ತಿ, ಅದು ನನ್ನ ಹೆಂಡತಿ ಮಾಡಿದ್ದು ಎನ್ನುತ್ತಾನೆ. ಸಾಕು, ಸುಮ್ಮನಿರಿ ಎಂದು ಅವಳು ಒಳಗಿನಿಂದ ಗದರುತ್ತಾಳೆ. ಅವನು ಸುಮ್ಮನಿರುವುದಿಲ್ಲ.